ಹೊಲಿಗೆ ಪ್ರಶ್ನೋತ್ತರ: ಸ್ಕೇಲಿಟ್ಟು ಕ್ವಿಲ್ಟ್ ಹೊಲಿಯುವುದು

ಪ್ರಶ್ನೆ: ಕ್ವಿಲ್ಟ್ (ಪದರ ಸೇರಿಸಿ ಹೊಲಿದ ಹೊದಿಕೆ) ಮೇಲೆ ನೇರ ಗೆರೆ ಬರಲೆಂದು ಮಗನ ಸ್ಕೂಲ್ ಸ್ಕೇಲು ಇಟ್ಟು ಹೊಲಿದೆ. ಎರಡನೇ ಸಾಲಿಗೇ ಸೂಜಿ ಮುರಿಯಿತು. ಏನು ತಪ್ಪಾಯಿತು?
– ಓದುಗರು, ಹುಬ್ಬಳ್ಳಿ

ಉತ್ತರ: ಸ್ಕೇಲೂ ತಪ್ಪು, ಫುಟ್ಟೂ (ಸೂಜಿಯ ಸುತ್ತ ಬಟ್ಟೆಯ ಮೇಲೆ ಕೂರುವ ಮಿಷನ್‌ನ ಪಾದ) ತಪ್ಪು. ಸ್ಕೇಲಿಗೆ ಒರಗಿ ಓಡಬೇಕಾದ್ದು ಸೂಜಿಯಲ್ಲ, ಫುಟ್‌ನ ಅಂಚು. ಸ್ಕೂಲ್ ಸ್ಕೇಲು ತೆಳು, ಅಂಚು ಇಳಿಜಾರು. ಅದು ಫುಟ್‌ನ ಅಡಿಗೆ ನುಸುಳುತ್ತದೆ, ಸೂಜಿ ನೇರ ಪ್ಲಾಸ್ಟಿಕ್ಕಿಗೆ ಬಡಿಯುತ್ತದೆ. ಬರೀ ಸೂಜಿ ಹೋದರೆ ಪುಣ್ಯ. ಸೂಜಿಗೂ ಕೆಳಗಿನ ಕೊಕ್ಕೆಗೂ ಇರುವ ಹೊಂದಾಣಿಕೆ (ಟೈಮಿಂಗ್) ತಪ್ಪಿದರೆ ಮೆಕ್ಯಾನಿಕ್‌ನನ್ನೇ ಕರೆಯಬೇಕು. ರಫೂ ಮಾಡುವ ತೆಳು ಫುಟ್‌ನಲ್ಲೂ ಇದೇ ಅಪಾಯ.

ಬೇಕಾದ್ದು ರೂಲರ್ ಫುಟ್. ಅದರ ದುಂಡು ಅಂಚು ಗೋಡೆಯಂತೆ ಎತ್ತರವಾಗಿರುತ್ತದೆ. ಕೊಳ್ಳುವ ಮೊದಲು ಫುಟ್ ಕೆಳಗಿಳಿಸಿ, ಅದನ್ನು ಬಿಗಿಯುವ ಸ್ಕ್ರೂವಿನಿಂದ ಮಿಷನ್ ತಳದವರೆಗೆ ಅಳೆಯಿರಿ. ಮುಕ್ಕಾಲು ಇಂಚಿನೊಳಗಿದ್ದರೆ ಲೋ ಶ್ಯಾಂಕ್, ಒಂದು ಇಂಚು ಅಥವಾ ಹೆಚ್ಚಿದ್ದರೆ ಹೈ ಶ್ಯಾಂಕ್. ಲೋ ಶ್ಯಾಂಕಿಗೆ 3 ಅಥವಾ 4.5 ಮಿ.ಮೀ. ದಪ್ಪದ ಅಕ್ರಿಲಿಕ್ ಸ್ಕೇಲು ಸಾಕು. 6 ಮಿ.ಮೀ.ದು ಹೈ ಶ್ಯಾಂಕಿನವರಿಗೆ. ಲೋ ಶ್ಯಾಂಕಿನಲ್ಲಿ ಸೂಜಿ ಬಿಗಿಯುವ ಸ್ಕ್ರೂ ಕೆಳಗಿಳಿದಾಗ ಇಷ್ಟು ದಪ್ಪದ ಸ್ಕೇಲಿಗೆ ತಾಗಬಹುದು. ನಾಮಫಲಕ ಮಾಡುವ ಅಂಗಡಿಯಲ್ಲಿ ಲೇಸರ್‌ನಿಂದ ಕತ್ತರಿಸಿ ಕೊಡುತ್ತಾರೆ. ಗರಗಸದಲ್ಲಿ ಕೊಯ್ದದ್ದಾದರೆ ಅಂಚನ್ನು ನುಣ್ಣಗೆ ಉಜ್ಜಿಕೊಳ್ಳಿ, ಇಲ್ಲದಿದ್ದರೆ ಫುಟ್ ತಡೆದು ತಡೆದು ಹೋಗುತ್ತದೆ.

ಪ್ರಶ್ನೆ: 5 ಇಂಚಿನ ವೃತ್ತದ ಅಚ್ಚು ಇಟ್ಟು ಹೊಲಿದರೆ ವೃತ್ತ ದೊಡ್ಡದಾಗುತ್ತದೆ. ಏಕೆ?
– ಓದುಗರು, ಶಿವಮೊಗ್ಗ

ಉತ್ತರ: ಸೂಜಿಯಿಂದ ಫುಟ್ ಅಂಚಿಗೆ ಕಾಲು ಇಂಚು. ಅಚ್ಚಿನ ಹೊರಗೆ ಸುತ್ತಿದರೆ ಎರಡೂ ಬದಿ ಸೇರಿ ಅರ್ಧ ಇಂಚು ಹೆಚ್ಚಿ 5.5 ಆಗುತ್ತದೆ, ಅದೇ ಅಳತೆಯ ತೂತಿನ ಒಳಗೆ ಸುತ್ತಿದರೆ 4.5. ಚಾಕ್ ಗೆರೆಯ ಮೇಲೇ ಹೊಲಿಗೆ ಬೀಳಬೇಕಾದರೆ ಸ್ಕೇಲನ್ನು ಗೆರೆಯಿಂದ ಕಾಲು ಇಂಚು ದೂರ ಇಡಿ.

ಪ್ರಶ್ನೆ: ನಮ್ಮದು ಹಳೇ ಕಾಲು ಮಿಷನ್. ಇದರಲ್ಲಿ ಆಗುತ್ತದೆಯೇ? ಹೊಲಿದು ನೋಡಿದೆ, ಸ್ಕೇಲು ಜಾರುತ್ತದೆ, ಕೆಳಬದಿ ದಾರ ಕುಣಿಕೆ ಕಟ್ಟುತ್ತದೆ.
– ಓದುಗರು, ಮಂಡ್ಯ

ಉತ್ತರ: ಕಾಲು ಮಿಷನ್ ಇದಕ್ಕೆ ಹೇಳಿ ಮಾಡಿಸಿದ್ದು. ಎರಡೂ ಕೈ ಖಾಲಿ, ಮೇಜು ಮಿಷನ್ ಮಟ್ಟಕ್ಕೇ ಇರುವುದರಿಂದ ಸ್ಕೇಲು ವಾಲುವುದಿಲ್ಲ. (ಕೈ ಮಿಷನ್‌ನಲ್ಲಿ ಒಂದು ಕೈ ಚಕ್ರಕ್ಕೇ ಹೋಗುತ್ತದೆ, ಅದನ್ನು ಬಿಡಿ.) ಇಲ್ಲಿ ಬಟ್ಟೆಯನ್ನು ಸರಿಸುವುದು ನಿಮ್ಮ ಕೈ, ಹಲ್ಲಲ್ಲ. ಬಟ್ಟೆ ತಳ್ಳುವ ಹಲ್ಲು ಕೆಳಗಿಳಿಯದಿದ್ದರೆ ಹೊಲಿಗೆ ಉದ್ದವನ್ನು ಸೊನ್ನೆಗಿಟ್ಟು, ಸೂಜಿಗೆ ತೂತು ಬಿಟ್ಟ ತೆಳು ರಟ್ಟನ್ನು ಹಲ್ಲಿನ ಮೇಲೆ ಅಂಟಿಸಿ. ಸೂಜಿ 14 ನಂಬರಿನದು. ಫುಟ್ ಬಟ್ಟೆಯನ್ನು ಒತ್ತಬಾರದು; ನಡುವೆ ಒಂದು ವಿಸಿಟಿಂಗ್ ಕಾರ್ಡು ತೂರುವಷ್ಟು ಜಾಗವಿರಲಿ.

ಕುಣಿಕೆಗೆ ಮೊದಲ ಅನುಮಾನ ಫುಟ್ ಎತ್ತಿ ಇಳಿಸುವ ಹಿಂದಿನ ಲಿವರ್ ಮೇಲೆ. ರೂಲರ್ ಫುಟ್ ಹೇಗೂ ತೇಲಿಕೊಂಡೇ ಇರುವುದರಿಂದ ಲಿವರ್ ಇಳಿಸಲು ಮರೆತದ್ದು ಕಣ್ಣಿಗೆ ಬೀಳುವುದಿಲ್ಲ. ಲಿವರ್ ಮೇಲಿದ್ದರೆ ದಾರವನ್ನು ಬಿಗಿಹಿಡಿಯುವ ಟೆನ್ಶನ್ ಬಿಲ್ಲೆಗಳು ತೆರೆದೇ ಇರುತ್ತವೆ, ಮೇಲಿನ ದಾರ ಸಡಿಲವಾಗಿ ಕೆಳಗೆ ಇಳಿಯುತ್ತದೆ. ಅದು ಸರಿ ಇದ್ದೂ ತಿರುವಿನಲ್ಲಿ ಮಾತ್ರ ಕುಣಿಕೆ ಬಂದರೆ ಕೈ ಓಡುತ್ತಿದೆ, ಕಾಲು ಹಿಂದೆ ಬಿದ್ದಿದೆ. ಇಂಚಿಗೆ 8ರಿಂದ 10 ಹೊಲಿಗೆ ಬೀಳುವ ಹದ ಹಿಡಿಯಿರಿ.

ಜಾರುವುದಕ್ಕೆ ಸ್ಕೇಲಿನ ಅಡಿ ನಯವಾದ ಮರಳು ಕಾಗದದ ಚೂರುಗಳನ್ನು ಅಂಟಿಸಿ. ಬಾಬಿನ್ ದಾರ ಮೇಲೆಳೆದು, ಫುಟ್ ಇಳಿಸಿ, ಸೂಜಿ ಬಟ್ಟೆಯಲ್ಲಿ ನೆಟ್ಟ ಮೇಲಷ್ಟೇ ಸ್ಕೇಲನ್ನು ಫುಟ್ ಪಕ್ಕಕ್ಕೆ ತನ್ನಿ. ಎಡಗೈಯ ಬೆರಳುಗಳಲ್ಲಿ ಎರಡು ಸ್ಕೇಲಿನ ಮೇಲೆ, ಉಳಿದವು ಬಟ್ಟೆಯ ಮೇಲೆ. ಕೆಳಕ್ಕೆ ಗಟ್ಟಿ ಒತ್ತಿ, ಫುಟ್ ಕಡೆಗೆ ಹಗುರ. ಬಟ್ಟೆ ಮತ್ತು ಸ್ಕೇಲು ಒಂದೇ ತುಂಡಿನಂತೆ ಚಲಿಸಬೇಕು. ಮೂರು ನಾಲ್ಕು ಇಂಚಿಗೊಮ್ಮೆ ಸೂಜಿ ಕೆಳಗಿಟ್ಟೇ ನಿಲ್ಲಿಸಿ ಕೈ ಬದಲಿಸಿ. ಓಡುತ್ತಲೇ ಬದಲಿಸಿದ ಕಡೆ ಗೆರೆ ಸೊಟ್ಟಗಾಗುತ್ತದೆ.

ಪ್ರಶ್ನೆ: ಕೌದಿಗೂ ಹೀಗೇ ಮಾಡಬಹುದೇ?
– ಓದುಗರು, ಹಳಿಯಾಳ

ಉತ್ತರ: ಎರಡು ಮೂರು ಪದರದ ಹತ್ತಿ ಸೀರೆಯಾದರೆ ಮಾಡಬಹುದು. ಆದರೆ ನಿಮ್ಮ ಕಡೆ ಸಿದ್ದಿ ಹೆಂಗಸರು ಕೈಯಲ್ಲಿ ಅಂಚಿನಿಂದ ಸುತ್ತುತ್ತ ಒಳಗೆ ಬರುತ್ತಾರಲ್ಲ, ಮಿಷನ್‌ನಲ್ಲಿ ಆ ಕ್ರಮ ನಡೆಯದು. ಸಡಿಲ ಬಟ್ಟೆಯೆಲ್ಲ ನಡುವೆ ಉಬ್ಬಿಕೊಳ್ಳುತ್ತದೆ. ಒಂದು ಮುಷ್ಟಿಯಗಲಕ್ಕೊಂದು ಪಿನ್ ಹಾಕಿ, ನಡುವಿನಿಂದ ಹೊರಕ್ಕೆ ಹೊಲಿಯಿರಿ. ಫುಟ್ ಹತ್ತಿರ ಬರುವ ಮೊದಲೇ ಪಿನ್ ತೆಗೆಯಿರಿ. ಸ್ಕೇಲಿನ ಅಡಿ ಒಂದು ಪಿನ್ ಉಳಿದರೂ ಸ್ಕೇಲು ತೊಟ್ಟಿಲಾಡುತ್ತದೆ.