‘ಅಕ್ಕನ ನಂಬರ್ ಇದೆಯಲ್ಲ’

ಎರಡು ವರ್ಷದಲ್ಲಿ ಇದು ನಾಲ್ಕನೇ ಸಲ. ಹಳ್ಳಿ ಯುವಕ-ಯುವತಿಯರ ಓದಿಗಾಗಿ ದುಡಿಯುವ ಸಂಸ್ಥೆಗಳಲ್ಲಿ ಕೆಲಸ ಮಾಡುವವರು ನಿದ್ದೆ ಇಲ್ಲದೆ ಸೊರಗಿ, ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬರುತ್ತಾರೆ. ಎಲ್ಲರೂ ಇಪ್ಪತ್ತೈದು, ಮೂವತ್ತರ ಒಳಗಿನವರು. ಎಲ್ಲರೂ ಕೆಲಸವನ್ನು ತುಂಬಾ ಪ್ರೀತಿಸುವವರು. ಅವರಲ್ಲಿ ಒಬ್ಬರ ಕಥೆಯನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಸುಮ ಎಂದು ಕರೆಯೋಣ. ಹೆಸರು, ಊರು, ಗುರುತು ಹಿಡಿಯಬಹುದಾದ ವಿವರ ಎಲ್ಲ ಬದಲಿಸಿದ್ದೇನೆ.

ಸುಮಾಗೆ ಇಪ್ಪತ್ತಾರು. ಮಂಡ್ಯ ಜಿಲ್ಲೆಯವರು, ಮೈಸೂರಿನಲ್ಲಿ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿದವರು. ಎಸ್‌ಎಸ್‌ಎಲ್‌ಸಿ ಫೇಲ್ ಆದ, ಪಿಯುಸಿ ಅರ್ಧಕ್ಕೆ ಬಿಟ್ಟ ಮಕ್ಕಳಿಗೆ ಸಂಜೆ ಹೊತ್ತು ಊರಿನ ಸಮುದಾಯ ಭವನದಲ್ಲಿ ಪಾಠ ನಡೆಸುತ್ತಾರೆ. ಹುಡುಗರು ಆಲೆಮನೆಯಿಂದ ನೇರ ಬರುತ್ತಾರೆ. ಕೊಪ್ಪರಿಗೆಯ ಪಾಕ ಸಿಡಿದ ಗುಳ್ಳೆ ಇರುವ ಕೈಯಲ್ಲೇ ಲೆಕ್ಕ ಬಿಡಿಸುತ್ತಾರೆ. ಹುಡುಗಿಯರು ಗಾರ್ಮೆಂಟ್ಸ್ ಬಸ್ ಇಳಿದು ಬರುತ್ತಾರೆ. ಎಸ್‌ಎಸ್‌ಎಲ್‌ಸಿ ಫೇಲ್ ಆದವರು ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು. ಮಕ್ಕಳಿಗೆ ಅದು ಒಳ್ಳೆಯದೇ. ಆದರೆ ಸೋತು ಕೂತ ಹುಡುಗನನ್ನು ಮನೆಗೆ ಹೋಗಿ ಹುಡುಕಿ, ಅಪ್ಪ-ಅಮ್ಮನನ್ನು ಒಪ್ಪಿಸಿ, ಮತ್ತೆ ಪುಸ್ತಕದ ಮುಂದೆ ಕೂರಿಸುವುದಕ್ಕೆ ಸಿಗುವುದು ಕೆಲವೇ ವಾರ. ಆ ಓಡಾಟವೆಲ್ಲ ಸುಮ ಅಂಥವರದ್ದು.

ಮಕ್ಕಳು ಅವರನ್ನು ಮೇಡಂ ಅನ್ನುವುದಿಲ್ಲ. ಅಕ್ಕ ಅನ್ನುತ್ತಾರೆ. ಮಕ್ಕಳ ಫೋನಿನಲ್ಲಿ ಕರೆನ್ಸಿ ಇರುವುದು ಕಮ್ಮಿ. ಹಾಗಾಗಿ ಮಿಸ್ಡ್ ಕಾಲ್‌ನದ್ದೇ ಒಂದು ಭಾಷೆ ಬೆಳೆದಿತ್ತು. ಒಂದು ಮಿಸ್ಡ್ ಕಾಲ್ ಅಂದರೆ ‘ಮನೆ ಸೇರಿದೆ ಅಕ್ಕ’. ಬೆನ್ನುಬೆನ್ನಿಗೆ ಎರಡು ಬಂದರೆ ‘ತಕ್ಷಣ ಮಾತಾಡಬೇಕು’. ಸುಮ ದಿಂಬಿನ ಪಕ್ಕ ಫೋನ್ ಇಟ್ಟುಕೊಂಡೇ ಮೂರು ವರ್ಷ ಮಲಗಿದ್ದರು.

ಆ ರಾತ್ರಿ ಮಾತ್ರ ಇಟ್ಟಿರಲಿಲ್ಲ. ದುಡ್ಡು ಕೊಡುವ ಕಂಪನಿಗೆ ಕಳಿಸುವ ವರದಿಗಾಗಿ ಮೂರು ದಿನ ಆಫೀಸಿನಲ್ಲೇ ಕೂತಿದ್ದರು. ಸುಸ್ತಾಗಿ ಬಂದವರು ಫೋನ್ ಸೈಲೆಂಟ್‌ನಲ್ಲಿ ಬ್ಯಾಗಿನೊಳಗೇ ಬಿಟ್ಟು ಮಲಗಿಬಿಟ್ಟರು. ರಾತ್ರಿ 11.10ಕ್ಕೆ ಎರಡು ಮಿಸ್ಡ್ ಕಾಲ್ ಬಂದಿದ್ದವು. ಹದಿನೇಳರ ಹುಡುಗಿ, ಅಜ್ಜಿಯ ಕೀಪ್ಯಾಡ್ ಫೋನಿನಿಂದ ಮಾಡಿದ್ದಳು. ಬೆಳಿಗ್ಗೆ ನೋಡಿ ಇವರು ಊರಿಗೆ ಓಡುವ ಹೊತ್ತಿಗೆ ನಿಶ್ಚಿತಾರ್ಥ ಮುಗಿದಿತ್ತು.

ಮೊದಲ ದಿನ ನಾನು ಕೇಳಿದ್ದು, ಸಂಬಂಧಪಟ್ಟವರಿಗೆ ತಿಳಿಸಿದ್ದೀರಾ ಅಂತ. ನಿಶ್ಚಿತಾರ್ಥದ ದಿನ ಮಧ್ಯಾಹ್ನವೇ ಸಿಡಿಪಿಒಗೆ (ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ) ತಿಳಿಸಿದ್ದರು. ಮದುವೆಗೆ ಇನ್ನೂ ಒಂದೂವರೆ ತಿಂಗಳಿತ್ತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ನ್ಯಾಯಾಲಯ ಮೊದಲೇ ತಡೆಯಾಜ್ಞೆ ಕೊಡಬಹುದು. ಅಂದರೆ ಕೈ ಮೀರಿರಲಿಲ್ಲ. ಅಧಿಕಾರಿಗಳು ಹೋದರು, ಮದುವೆ ನಿಂತಿತು. ಆಮೇಲಿನದ್ದು ಆ ಹುಡುಗಿಯ ಬದುಕು, ಅದನ್ನು ಇಲ್ಲಿ ಬರೆಯುವುದಿಲ್ಲ. ಮದುವೆ ನಿಂತ ಮೇಲೂ ಸುಮಾಗೆ ನಿದ್ದೆ ಬರಲಿಲ್ಲ. ಅವರ ಮನಸ್ಸು 11.10ರಲ್ಲೇ ನಿಂತುಬಿಟ್ಟಿತ್ತು.

ಎರಡು ಭೇಟಿ ಬರೀ ಅಳುವಿನಲ್ಲೇ ಕಳೆಯಿತು. ಮೂರನೇ ಭೇಟಿಯಲ್ಲಿ ನಾನು ಆ ರಾತ್ರಿಯನ್ನು ಹೆಜ್ಜೆ ಹೆಜ್ಜೆಯಾಗಿ ನಡೆಸಿ ನೋಡೋಣ ಅಂದೆ.

“ಫೋನ್ ಪಕ್ಕದಲ್ಲೇ ಇತ್ತು ಅಂದ್ಕೊಳ್ಳಿ. ಆಗ?”

“ವಾಪಸ್ ಫೋನ್ ಮಾಡ್ತಿದ್ದೆ ಮೇಡಂ.”

“ಬೆಳಿಗ್ಗೆ ನಿಶ್ಚಿತಾರ್ಥ ಅಕ್ಕ ಅಂತಾಳೆ. ಆಮೇಲೆ?”

“ಹೊರಟುಬಿಡ್ತಿದ್ದೆ.”

“ಆ ಹೊತ್ತಲ್ಲಿ ಅಲ್ಲಿಗೆ ಬಸ್ ಇದೆಯಾ?”

“ಇಲ್ಲ. ಎಂಟೂವರೆಗೆ ಕೊನೇ ಬಸ್ಸು.” ಸ್ವಲ್ಪ ಹೊತ್ತು ಸುಮ್ಮನಿದ್ದರು. “1098ಕ್ಕೆ ಮಾಡ್ತಿದ್ದೆ. ಅದೊಂದೇ ಮಾಡೋಕೆ ಆಗ್ತಿದ್ದಿದ್ದು.”

“ಮಕ್ಕಳ ಸಹಾಯವಾಣಿ. ಅದು ಫ್ರೀ ನಂಬರ್ ಅಲ್ವಾ?”

“ಹೌದು. ಇಪ್ಪತ್ನಾಲ್ಕು ಗಂಟೆನೂ ಇರುತ್ತೆ.”

“ಆ ಹುಡುಗಿಗೆ ಗೊತ್ತಿತ್ತಾ?”

ಸುಮ ನನ್ನನ್ನೇ ನೋಡಿದರು. ದುಪಟ್ಟಾದ ಅಂಚು ಬೆರಳಿಗೆ ಸುತ್ತಿಕೊಂಡರು, ಬಿಡಿಸಿದರು, ಮತ್ತೆ ಸುತ್ತಿಕೊಂಡರು. ಆಮೇಲೆ ತುಂಬಾ ಮೆಲ್ಲಗೆ ಹೇಳಿದರು.

“ಇಲ್ಲ ಮೇಡಂ. ನಾನೇ ಹೇಳಿಕೊಟ್ಟಿರಲಿಲ್ಲ. ಅಕ್ಕನ ನಂಬರ್ ಇದೆಯಲ್ಲ, ಇನ್ಯಾವುದು ಯಾಕೆ ಅಂತ.”

ಈ ಪ್ರಶ್ನೆ ಕೇಳಬಾರದಿತ್ತು ಅಂತ ನನ್ನ ಜೊತೆ ಕೆಲಸ ಮಾಡುವ ಒಬ್ಬರು ಹೇಳಿದರು. ನೊಂದವರ ಮೇಲೆ ಇನ್ನೊಂದು ತಪ್ಪು ಹೊರಿಸಿದ ಹಾಗಾಯಿತು ಅಂದರು. ಆ ಭೇಟಿಯ ದಿನ ರಾತ್ರಿ ನನಗೂ ಅದೇ ಅಳುಕು ಇತ್ತು. ಆದರೂ ನಾನು ಕೇಳಿದ್ದು ಸರಿ ಅಂತಲೇ ಈಗಲೂ ನಂಬಿದ್ದೇನೆ. ‘ನಿನ್ನ ತಪ್ಪೇನೂ ಇಲ್ಲಮ್ಮ’ ಅಂತ ಮನೆಯವರು, ಗೆಳತಿಯರು, ಆಫೀಸಿನವರು ಎಲ್ಲರೂ ಹೇಳಿ ಮುಗಿಸಿದ್ದರು. ಅದು ಸುಮ್ನೆ ಸಮಾಧಾನದ ಮಾತು ಅಂತ ಸುಮಾಗೆ ಗೊತ್ತಿತ್ತು. ಒಬ್ಬ ಹುಡುಗಿಯ ಬದುಕನ್ನೇ ಕೈಬಿಟ್ಟೆ ಅನ್ನುವ ಭಾರ ಹೊತ್ತು ಕೂತವರಿಗೆ, ನಿಜವಾಗಿ ಬಿಟ್ಟುಹೋದದ್ದು ಒಂದು ನಂಬರ್ ಅಂತ ಕಾಣಬೇಕಿತ್ತು. ನಂಬರನ್ನು ನಾಳೆಯೇ ಕೊಡಬಹುದು. ಕಳೆದುಹೋದ ರಾತ್ರಿಯನ್ನು ಏನು ಮಾಡಲೂ ಆಗುವುದಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಮುಂದಿನ ವಾರವೇ ಕೇಂದ್ರದ ಪ್ರತಿ ಮಗುವಿಗೂ 1098 ಬಾಯಿಪಾಠ ಆಗಬೇಕು. ಗೋಡೆಯಲ್ಲಿ ಬರೆದರೆ ಸಾಲದು, ಒಂದು ಸಲ ಮಕ್ಕಳ ಕೈಯಲ್ಲೇ ಒತ್ತಿಸಿ ಮಾತಾಡಿಸಬೇಕು. ಭಯ ಇರುವುದು ಆ ಮೊದಲ ಸಲದಲ್ಲೇ. ಮನಸ್ಸು ಕೆಟ್ಟಾಗ ಮಾತಾಡಲು ಟೆಲಿ-ಮಾನಸ್‌ನ 14416 ಇದೆ, ಅದನ್ನೂ ಹೇಳಿಕೊಡಿ, ನಿಮಗೂ ಇಟ್ಟುಕೊಳ್ಳಿ ಅಂದೆ. ಪ್ರತಿ ಮಗುವಿಗೂ ಸುಮ ಅಲ್ಲದೆ ಅದೇ ಊರಿನ ಇನ್ನೊಬ್ಬ ದೊಡ್ಡವರು ಗೊತ್ತಿರಬೇಕು: ಅಂಗನವಾಡಿ ಟೀಚರೋ, ಆಶಾ ಕಾರ್ಯಕರ್ತೆಯೋ. ರಾತ್ರಿ ಒಂಬತ್ತರ ಮೇಲೆ ಸುಮಾರ ಸ್ವಂತ ಫೋನ್ ಮಕ್ಕಳ ನಂಬರ್ ಅಲ್ಲ. ಅದಕ್ಕೆ ಸಂಸ್ಥೆಯದ್ದೇ ಒಂದು ಫೋನ್ ಇರಲಿ, ಸರದಿಯ ಮೇಲೆ ಒಬ್ಬೊಬ್ಬರು ನೋಡಿಕೊಳ್ಳಲಿ.

“ಅಕ್ಕನಿಗೆ ಸರದಿ ಇರುತ್ತಾ ಮೇಡಂ?” ಅಂತ ಸುಮ ಕೇಳಿದರು. ಇರುತ್ತೆ ಅಂದೆ. ನಮ್ಮ ಮನೆಗಳಲ್ಲಿ ಜ್ವರ ಬಂದ ಮಗುವಿನ ಪಕ್ಕ ಒಂದು ರಾತ್ರಿ ಅಮ್ಮ, ಒಂದು ರಾತ್ರಿ ಚಿಕ್ಕಮ್ಮ, ಒಂದು ರಾತ್ರಿ ಅಜ್ಜಿ ಕೂರುತ್ತಿದ್ದರು. ಯಾರ ಪ್ರೀತಿಯೂ ಕಮ್ಮಿ ಆಗುತ್ತಿರಲಿಲ್ಲ.

ಕೆಲಸ ಬಿಡಿ ಅಂತ ಯಾಕೆ ಹೇಳಲಿಲ್ಲ ಎಂದು ಓದುವವರಿಗೆ ಅನ್ನಿಸಬಹುದು. ಸುಮಾರ ಅಮ್ಮ ನನಗೆ ಫೋನ್ ಮಾಡಿ ಅದನ್ನೇ ಕೇಳಿದರು. ಸುಮ ಬಿಟ್ಟರೆ ಆ ಜಾಗಕ್ಕೆ ಇನ್ನೊಬ್ಬ ಹುಡುಗಿ ಬರುತ್ತಾಳೆ. ಅವಳೂ ಅಕ್ಕ ಆಗುತ್ತಾಳೆ, ಅವಳ ದಿಂಬಿನ ಪಕ್ಕವೂ ಒಂದು ಫೋನ್ ಇರುತ್ತದೆ. ನಾಲ್ಕು ಜನರನ್ನು ನೋಡಿದ ಮೇಲೆ ನಾನು ಇದನ್ನು ಗಟ್ಟಿಯಾಗಿ ಹೇಳಬಲ್ಲೆ. ‘ಬರ್ನ್‌ಔಟ್’ ಅನ್ನುವ ಮಾತನ್ನು 1974ರಲ್ಲಿ ಮನಃಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಬರೆದದ್ದು ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದವರನ್ನು ನೋಡಿ. ದುಡ್ಡಿಗಾಗಿ ಅಲ್ಲದೆ ಮನಸ್ಸಿಟ್ಟು ಕೆಲಸ ಮಾಡುವವರೇ ಮೊದಲು ಬತ್ತಿಹೋಗುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಕೂಡ 2019ರಲ್ಲಿ ಅದನ್ನು ಕಾಯಿಲೆ ಅಂತ ಕರೆಯದೆ ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ಹೇಳಿತು. ಹಾಗಿರುವಾಗ ಸುಮಾಗೆ ಮಾತ್ರ ಪ್ರಾಣಾಯಾಮ ಹೇಳಿಕೊಟ್ಟು ಕಳಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ‘ಇದು ಸೇವೆ’ ಅನ್ನುವ ಮಾತು ತುಂಬಾ ದೊಡ್ಡದು. ಆದರೆ ಹನ್ನೊಂದು ತಿಂಗಳ ಕರಾರು ಬರೆಸಿಕೊಂಡು, ರಾತ್ರಿಯೆಲ್ಲ ಎಚ್ಚರ ಇರಿ ಅನ್ನುವಾಗ ಆ ಮಾತು ಬಳಸಬಾರದು.

ಸುಮ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಮೀಟಿಂಗಿಗೆ ಹೋದರು. ಅಲ್ಲಿ ಕೈ ನಡುಗಿತಂತೆ. ಸಂಸ್ಥೆಯವರು ಸರದಿ ಫೋನಿಗೆ ಒಪ್ಪಿದರು. ಇಬ್ಬರು ಸಹೋದ್ಯೋಗಿಗಳು ಜೊತೆಯಾದರು. ಕೊನೆಯ ಭೇಟಿಗೆ ಬಂದಾಗ ವಾರದಲ್ಲಿ ನಾಲ್ಕು ರಾತ್ರಿ ನಿದ್ದೆ ಮಾಡುತ್ತಿದ್ದೇನೆ ಅಂದರು. ಉಳಿದ ಮೂರು ರಾತ್ರಿ ಇನ್ನೂ ಎಚ್ಚರ ಆಗುತ್ತದೆ, 11.10ರ ಸುಮಾರಿಗೆ.

ಸರದಿ ಫೋನಿಗೆ ದುಡ್ಡು ಬಂದಿರುವುದು ಈ ವರ್ಷದ ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ) ಲೆಕ್ಕದಲ್ಲಿ. ಮಾರ್ಚ್ ಆದಮೇಲೆ ಅದು ಯಾರ ಕೈಯಲ್ಲಿ ಇರುತ್ತೆ ಅಂತ ಕೇಳಿದೆ. ಸುಮ ಬ್ಯಾಗಿನಿಂದ ಆ ಹಾಳೆ ತೆಗೆದು, ನನ್ನ ಪೆನ್ನನ್ನೇ ಇಸಿದುಕೊಂಡು, ಕೆಳಗೆ ಆ ಪ್ರಶ್ನೆಯನ್ನೂ ಬರೆದುಕೊಂಡರು.