ಪಕ್ಕದ ಛತ್ರದ ಡಿಜೆ ಸದ್ದಿಗೆ ಮೊಬೈಲ್ ಆ್ಯಪ್ ಅಳತೆ ಸಾಕ್ಷಿ ಆಗುತ್ತಾ?

ರಾತ್ರಿ ಹನ್ನೊಂದು ದಾಟಿದರೂ ಪಕ್ಕದ ಛತ್ರದ ಡಿಜೆ ನಿಲ್ಲುವುದಿಲ್ಲ, ಆ್ಯಪ್‌ನಲ್ಲಿ 70 ಡೆಸಿಬಲ್ ಬಂದಿದೆ, ಪೊಲೀಸರು ಇದನ್ನು ಒಪ್ಪುತ್ತಾರಾ ಎಂದು ಕೇಳಿದ್ದೀರಿ. ಶಬ್ದ ಅಳೆಯುವ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಆ 70ನ್ನೇ ನಂಬಿಕೊಂಡು ಹೋಗಬೇಡಿ. ಮೊದಲು ಸ್ಪೀಕರ್ ಎಲ್ಲಿಟ್ಟಿದ್ದಾರೆ ನೋಡಿ.

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸುವ ಅಧಿಕಾರ ಸರ್ಕಾರಕ್ಕಿದೆ. ಅದು ಮದುವೆ ಮನೆಯವರು ತಾವಾಗಿಯೇ ತಗೊಳ್ಳುವ ರಿಯಾಯಿತಿ ಅಲ್ಲ. ಹಾಗಾಗಿ ಡಿಜೆ ತಾರಸಿಯಲ್ಲೋ ಅಂಗಳದಲ್ಲೋ ಇದ್ದರೆ ಮೀಟರೇ ಬೇಡ. ಸಮಯ ಗೊತ್ತಾಗುವ ಹಾಗೆ ಒಂದು ವಿಡಿಯೊ ಮಾಡಿಕೊಳ್ಳಿ, ಆಗಲೇ 112ಕ್ಕೆ ಫೋನ್ ಮಾಡಿ.

ಮುಚ್ಚಿದ ಹಾಲ್ ಒಳಗಿದ್ದರೆ ಮಾತ್ರ ಅಳತೆ ಬೇಕಾಗುತ್ತದೆ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ಖಾಸಗಿ ಜಾಗದ ಸೌಂಡ್ ಸಿಸ್ಟಮ್ ಸದ್ದು ಆ ಜಾಗದ ಗಡಿಯಲ್ಲಿ ಇದಕ್ಕಿಂತ 5ರಷ್ಟು ಮಾತ್ರ ಜಾಸ್ತಿ ಇರಬಹುದು, ಅಂದರೆ 50. ಅಳೆಯಬೇಕಾದ್ದು ಛತ್ರದ ಕಾಂಪೌಂಡ್ ಹತ್ತಿರ, ನಿಮ್ಮ ಮಲಗುವ ಕೋಣೆಯಲ್ಲಲ್ಲ.

ಸರಿಯಾದ ಮೀಟರ್ ಆದರೆ ಅಳತೆಗೆ ಮೊದಲು ಅದರ ಮೈಕ್ ಮೇಲೆ ಕ್ಯಾಲಿಬ್ರೇಟರ್ ಕೂರಿಸುತ್ತೇವೆ. ಅದು 94 ಡೆಸಿಬಲ್‌ನ ಒಂದೇ ಸಮನಾದ ಸ್ವರ ಕೊಡುತ್ತದೆ, ಮೀಟರೂ 94 ತೋರಿಸಬೇಕು. ಅಳತೆ ಮುಗಿದ ಮೇಲೂ ಇದನ್ನೇ ಮಾಡಿ ಬರೆದಿಡುತ್ತೇವೆ. ನಿಮ್ಮ ಫೋನ್‌ಗೆ ಈ ಪರೀಕ್ಷೆ ಆಗಿಲ್ಲ ಅಲ್ವಾ? ಎದುರಿನವರು ಹಿಡಿಯುವುದೇ ಅಲ್ಲಿ. ಹಾಡು ನಿಂತಾಗಿನ ಸದ್ದನ್ನೂ ಅಳೆಯಬೇಕು. ಎರಡರ ನಡುವೆ 3 ಡೆಸಿಬಲ್ ವ್ಯತ್ಯಾಸವೂ ಇಲ್ಲದಿದ್ದರೆ ಅದು ಛತ್ರದ್ದೋ ರಸ್ತೆಯದ್ದೋ ಹೇಳಲಾಗುವುದಿಲ್ಲ.

ನನಗೆ ಬೇಸರವಾಗುವ ವಿಷಯ ಬೇರೆ ಇದೆ. ನಿಯಮದ ಅಳತೆ 'ಎ' ಮಾಪನದಲ್ಲಿ, ಅಂದರೆ ನಮ್ಮ ಕಿವಿಗೆ ಕಡಿಮೆ ಕೇಳುವ ತಗ್ಗು ಸ್ವರಗಳನ್ನು ಕಡಿಮೆ ಲೆಕ್ಕಕ್ಕೆ ಹಿಡಿಯುವ ಕ್ರಮದಲ್ಲಿ ನಡೆಯುತ್ತದೆ. ಅದು 63 ಹರ್ಟ್ಸ್‌ನ ಸದ್ದಿನಿಂದ, ಅಂದರೆ ಡಿಜೆಯ ದಪ್ಪ ಬೇಸ್ ಸದ್ದಿನಿಂದ, ಸುಮಾರು 26 ಡೆಸಿಬಲ್ ಕಳೆದುಬಿಡುತ್ತದೆ. ಕಿಟಕಿ ಗಾಜು ನಡುಗಿಸುವ ಆ ಬೇಸ್ ಅಂಕಿಯಲ್ಲಿ ಪೂರ್ತಿ ಕಾಣುವುದೇ ಇಲ್ಲ. ನಿದ್ದೆ ಕೆಡಿಸುವುದು ಹೆಚ್ಚಾಗಿ ಅದೇ. ಆದ್ದರಿಂದ ದೂರಿನಲ್ಲಿ ಗಾಜು ನಡುಗಿದ್ದು, ಮಗು ಎದ್ದದ್ದು ಎಲ್ಲ ಬರೆಯಿರಿ.

ಆ್ಯಪ್ ಅಳತೆಯನ್ನು ತಾರೀಖು, ಗಂಟೆ ಸಮೇತ ಡೈರಿಯಲ್ಲಿ ಇಡಿ. ಅದನ್ನು ಲಗತ್ತಿಸಿ ಠಾಣೆಗೆ ಲಿಖಿತ ದೂರು ಕೊಡಿ, ಮಾಲಿನ್ಯ ನಿಯಂತ್ರಣ ಮಂಡಳಿಗೂ ಒಂದು ಪ್ರತಿ ಕಳಿಸಿ, ಸ್ವೀಕೃತಿ ತಗೊಳ್ಳಿ. ಮುಂದಿನ ಮದುವೆ ಯಾವತ್ತು ಎಂದು ತಿಳಿದುಕೊಂಡು, ಅವತ್ತು ರಾತ್ರಿ 10ರ ಮೇಲೆ ಮೀಟರ್ ತಂದು ಅಳೆಯಿರಿ ಎಂದು ಅದರಲ್ಲೇ ಕೇಳಿ.