ಎರಡು ಕಪೊಯೇರಾ (ಕುಣಿತ ಬೆರೆತ ಬ್ರೆಜಿಲಿನ ಕಾಳಗದ ಕಲೆ) ಕ್ಲಾಸಿನಲ್ಲಿ ಎರಡು ಥರ ಹೇಳಿಕೊಟ್ಟರೆ ಯಾವುದು ಸರಿ?
ನಿಮ್ಮ ಜಿಂಗಾ, ಅಂದರೆ ಅತ್ತಿತ್ತ ತೂಗಾಡುವ ಮೂಲ ಹೆಜ್ಜೆ, ತಪ್ಪಿಲ್ಲ. ಒಂದು ಕಡೆ ನೆಲಕ್ಕೆ ತಗ್ಗಿ ನಿಧಾನ, ಇನ್ನೊಂದು ಕಡೆ ಎದ್ದು ನಿಂತು ಜೋರು ಅಂದರೆ, ಬಹುಶಃ ಮೊದಲನೆಯದು ಅಂಗೋಲಾ ಶೈಲಿ, ಎರಡನೆಯದು ರೆಜಿಯೊನಾಲ್. ಬೆರೆಸಿ ಕಲಿಸುವವರೂ ಇದ್ದಾರೆ, ಅದಕ್ಕೆ ಮೊದಲು ಗುರುಗಳನ್ನೇ ಕೇಳಿಬಿಡಿ. ಬ್ರೆಜಿಲಿನಲ್ಲಿ ಗುಲಾಮರಾಗಿದ್ದ ಆಫ್ರಿಕನ್ನರು ಬೆಳೆಸಿದ ಆಟ ಇದು, 1890ರ ದಂಡಸಂಹಿತೆ ಇದನ್ನು ಅಪರಾಧ ಅಂತಲೇ ಬರೆದಿತ್ತು. 1932ರಲ್ಲಿ ಅಲ್ಲಿನ ಸಾಲ್ವಡಾರ್ ನಗರದಲ್ಲಿ ಶಾಲೆ ತೆರೆದ ಮೆಸ್ತ್ರಿ (ಅಂದರೆ ಗುರು) ಬಿಂಬಾ ರೆಜಿಯೊನಾಲ್ ಕಟ್ಟಿದರು, ಮೆಸ್ತ್ರಿ ಪಾಸ್ತಿನ್ಯಾ ಅಂಗೋಲಾ ಉಳಿಸಿದರು. ಎರಡೂ ಅಸಲಿಯೇ.

ಗುರುಗಳನ್ನು ಕೇಳಿದ ಮೇಲೆ ಕೆಲವು ತಿಂಗಳು ಒಂದೇ ಕ್ಲಾಸಿಗೆ ಹೋಗಿ. ಆಟ ನಡೆಯುವ ವೃತ್ತದೊಳಗೆ ಇಳಿಯುವ ಮುಂಚೆ ಬೆರಿಂಬಾವ್ ಅನ್ನೋ ಬಿಲ್ಲಿನಂಥ ಒಂಟಿ ತಂತಿ ವಾದ್ಯದ ಹತ್ತಿರ ಕೂತು ಅದರ ನಾದ ಕೇಳಿಸಿಕೊಳ್ಳಿ, ಆಟದ ವೇಗ ಹೇಳುವುದು ಅದೇ ಅಲ್ವಾ. ನಿಧಾನವಾಗಿ ನುಡಿಸಿದರೆ ತಗ್ಗಿ ಆಡಿ, ಜೋರಾದರೆ ಎದ್ದು ಆಡಿ.